ಜಾನ್ ಎ. ರಯಾನ್

ಜಾನ್ ಅಗಸ್ಟೀನ್ ರಯಾನ್ (25 ಮೇ 1869 – 16 ಸೆಪ್ಟೆಂಬರ್ 1945) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಥೋಲಿಕ್ ಧರ್ಮಗುರು, ನೀತಿಶಾಸ್ತ್ರದ ಪ್ರಾಧ್ಯಾಪಕ, ಲೇಖಕ ಹಾಗೂ ಸಮಾಜ ಸುಧಾರಕ. ಕುಟುಂಬದೊಡನೆ ಮರ್ಯಾದೆಯಿಂದ ಬಾಳಲು ಸಾಕಾಗುವಷ್ಟು ವೇತನವನ್ನು ಪಡೆಯುವುದು ಪ್ರತಿಯೊಬ್ಬ ದುಡಿಮೆಗಾರನ ಹಕ್ಕು ಎಂದು ಇವರು ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. ಆ ಹಕ್ಕು ಉಪದೇಶದಿಂದ ಕೈಗೂಡದು, ಕಾಯಿದೆಯಿಂದಲೇ ಕೈಗೂಡಬೇಕು ಎಂಬುದು ಇವರ ದೃಢ ನಂಬಿಕೆಯಾಗಿತ್ತು. ಆದ್ದರಿಂದ ಸುಮಾರು ಮೂರು ದಶಕಗಳ ಕಾಲ ಕನಿಷ್ಠ ವೇತನ, ಬಾಲಕಾರ್ಮಿಕ ನಿಷೇಧ ಮತ್ತು ಸಾಮಾಜಿಕ ವಿಮೆಯ ಮಸೂದೆಗಳಿಗಾಗಿ ಶಾಸಕರನ್ನು ಒತ್ತಾಯಿಸುತ್ತಲೇ ಬಂದರು. ಈ ಹೋರಾಟದಲ್ಲಿ ಇವರು ಕೈಗಾರಿಕೋದ್ಯಮಿಗಳನ್ನು ಮಾತ್ರವಲ್ಲದೆ ತಮ್ಮದೇ ಧರ್ಮಸಭೆಯ ಪ್ರಬಲರನ್ನೂ ಎದುರಿಸಬೇಕಾಯಿತು.

ಜನನ ಮತ್ತು ಬಾಲ್ಯ

ರಯಾನ್ ಅವರು ಮಿನ್ನೆಸೋಟ ರಾಜ್ಯದ ಡಕೋಟಾ ಕೌಂಟಿಯ ವರ್ಮಿಲಿಯನ್ ಎಂಬಲ್ಲಿ ಜನಿಸಿದರು. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದ ರೈತರು. ಆ ಕಾಲದಲ್ಲಿ ಮಿನ್ನೆಸೋಟದ ರೈತರು ರೈಲು ಕಂಪನಿಗಳ ಸಾಗಣೆ ದರ, ಧಾನ್ಯ ವರ್ತಕರ ಬೆಲೆ ಹಾಗೂ ಅಡಮಾನ ಸಾಲದ ಬಡ್ಡಿ ಈ ಮೂರರ ನಡುವೆ ಸಿಲುಕಿ ತತ್ತರಿಸುತ್ತಿದ್ದರು. ತಂದೆ ರೈತರ ಸಂಘಟನೆಯಾದ ಫಾರ್ಮರ್ಸ್ ಅಲಯನ್ಸ್‌ನ ಸದಸ್ಯರಾಗಿದ್ದರು. ಐರ್ಲೆಂಡಿನ ಭೂಹೋರಾಟದ ಪರವಾಗಿ ಬರೆಯುತ್ತಿದ್ದ ಐರಿಷ್ ವರ್ಲ್ಡ್ ಪತ್ರಿಕೆ ಮನೆಗೆ ಬರುತ್ತಿತ್ತು. ಮಿನ್ನೆಸೋಟದ ರೈತಪರ ರಾಜಕಾರಣಿ ಇಗ್ನೇಷಿಯಸ್ ಡಾನೆಲಿ ಅವರ ವಿಚಾರಗಳೂ ಬಾಲಕನ ಮೇಲೆ ಪ್ರಭಾವ ಬೀರಿದವು. ಹೀಗೆ ಧರ್ಮಶಾಸ್ತ್ರಕ್ಕಿಂತ ಮೊದಲೇ ಅರ್ಥಶಾಸ್ತ್ರದ ಪಾಠ ಹೊಲಮನೆಯಲ್ಲಿ ಆರಂಭವಾಗಿತ್ತು.

ಶಿಕ್ಷಣ

1891ರಲ್ಲಿ ಪೋಪ್ 13ನೆಯ ಲಿಯೋ ಅವರು ರೇರುಮ್ ನೊವಾರುಮ್ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ಈ ಪತ್ರವು ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ ನ್ಯಾಯವಾದ ವೇತನ, ಕಾರ್ಮಿಕ ಸಂಘಗಳ ಹಕ್ಕು ಹಾಗೂ ದುರ್ಬಲರ ರಕ್ಷಣೆಗಾಗಿ ಸರ್ಕಾರದ ಹಸ್ತಕ್ಷೇಪವನ್ನೂ ಸಮರ್ಥಿಸಿತು. ಸೇಂಟ್ ಪಾಲ್ ನಗರದಲ್ಲಿ ಗುರುವೃತ್ತಿಗೆ ಸಿದ್ಧರಾಗುತ್ತಿದ್ದ ಕಾಲದಲ್ಲಿ ರಯಾನ್ ಇದನ್ನು ಓದಿದರು. ರೈತ ಚಳವಳಿಯಿಂದ ಕಲಿತದ್ದಕ್ಕೆ ಧರ್ಮದ ಆಧಾರವೂ ಇದೆಯೆಂಬುದು ಅವರಿಗೆ ಇಲ್ಲಿ ಕಂಡಿತು.

1898ರಲ್ಲಿ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್ ಅವರಿಂದ ಗುರುದೀಕ್ಷೆ ಪಡೆದು, ಹೆಚ್ಚಿನ ವ್ಯಾಸಂಗಕ್ಕಾಗಿ ವಾಷಿಂಗ್ಟನ್ನಿನ ಅಮೆರಿಕದ ಕ್ಯಾಥೋಲಿಕ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1902ರಿಂದ 1915ರವರೆಗೆ ಸೇಂಟ್ ಪಾಲ್ ಸೆಮಿನರಿಯಲ್ಲಿ ನೀತಿಶಾಸ್ತ್ರವನ್ನು ಬೋಧಿಸಿದರು. ಅನಂತರ ತಾವು ಕಲಿತ ವಿಶ್ವವಿದ್ಯಾಲಯಕ್ಕೇ ಪ್ರಾಧ್ಯಾಪಕರಾಗಿ ಮರಳಿದರು.

ಜೀವನ ವೇತನದ ವಾದ

ಇವರ ಡಾಕ್ಟರೇಟ್ ಪ್ರಬಂಧವು 1906ರಲ್ಲಿ ಎ ಲಿವಿಂಗ್ ವೇಜ್ ಎಂಬ ಹೆಸರಿನಿಂದ ಪ್ರಕಟವಾಯಿತು. ಅರ್ಥಶಾಸ್ತ್ರಜ್ಞ ರಿಚರ್ಡ್ ಟಿ. ಎಲಿ ಇದಕ್ಕೆ ಮುನ್ನುಡಿ ಬರೆದರು. ಭೂಮಿಯ ಸಂಪತ್ತು ಎಲ್ಲ ಮನುಷ್ಯರ ಪೋಷಣೆಗಾಗಿ ಇರುವಂಥದ್ದು. ಆ ಸಂಪತ್ತನ್ನು ತಲುಪಲು ಕೂಲಿಕಾರನಿಗೆ ವೇತನದ ಹೊರತು ಬೇರೆ ದಾರಿಯಿಲ್ಲ. ಆದ್ದರಿಂದ ಬದುಕಿಗೆ ಸಾಲದ ವೇತನವು, ಕೂಲಿಕಾರನೇ ಒಪ್ಪಿಕೊಂಡಿದ್ದರೂ, ಅನ್ಯಾಯದ್ದೇ ಎಂಬುದು ಗ್ರಂಥದ ವಾದಸರಣಿ. ಹಸಿದವನು ಒಪ್ಪಿ ಮಾಡಿಕೊಂಡ ಕರಾರನ್ನು ಸ್ವತಂತ್ರ ಒಪ್ಪಂದವೆಂದು ಅವರು ಒಪ್ಪಲಿಲ್ಲ.

ರಯಾನ್ ತತ್ತ್ವಕ್ಕೇ ನಿಲ್ಲದೆ ಲೆಕ್ಕಕ್ಕೂ ಇಳಿದರು. ಆಹಾರ, ಬಾಡಿಗೆ, ಬಟ್ಟೆಬರೆಗಳ ಬೆಲೆಯನ್ನು ಪರಿಶೀಲಿಸಿ, ನಗರದಲ್ಲಿ ವಾಸಿಸುವ ಕುಟುಂಬವೊಂದಕ್ಕೆ ವರ್ಷಕ್ಕೆ 600 ಡಾಲರಿಗಿಂತ ಕಡಿಮೆ ವರಮಾನ ಸಾಲದೆಂದು ಅಂದಾಜಿಸಿದರು. ವಯಸ್ಕ ಪುರುಷ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟೂ ದೊರೆಯುತ್ತಿಲ್ಲವೆಂದು ತೋರಿಸಿದರು. ಪುರುಷನೊಬ್ಬನ ಗಳಿಕೆಯಿಂದಲೇ ಸಂಸಾರ ನಡೆಯಬೇಕೆಂಬ ಅವರ ಕಲ್ಪನೆ ಇಂದಿನ ಓದುಗರಿಗೆ ಹಳೆಯದೆನಿಸಬಹುದು. ಆದರೂ ಧರ್ಮಶಾಸ್ತ್ರದ ಪ್ರಬಂಧವೊಂದರಲ್ಲಿ ಮಾಂಸದ ಬೆಲೆಯನ್ನೂ ಮನೆ ಬಾಡಿಗೆಯನ್ನೂ ಚರ್ಚಿಸಿದ್ದು ಆ ಕಾಲಕ್ಕೆ ಹೊಸ ಸಂಗತಿಯಾಗಿತ್ತು.

1909ರಲ್ಲಿ ಕ್ಯಾಥೋಲಿಕ್ ವರ್ಲ್ಡ್ ಪತ್ರಿಕೆಯಲ್ಲಿ ಶಾಸನದ ಮೂಲಕ ಸಮಾಜ ಸುಧಾರಣೆಯ ಕಾರ್ಯಕ್ರಮವೊಂದನ್ನು ಮಂಡಿಸಿದರು. ಕನಿಷ್ಠ ವೇತನ, ದಿನಕ್ಕೆ ಎಂಟು ಗಂಟೆಗಳ ದುಡಿಮೆ, ಮಕ್ಕಳ ರಕ್ಷಣೆ ಮತ್ತು ನಿರುದ್ಯೋಗ ವಿಮೆ ಅದರಲ್ಲಿ ಸೇರಿದ್ದವು.

ಮಿನ್ನೆಸೋಟ ಮತ್ತು ಆರೆಗಾನ್ ಕಾಯಿದೆಗಳು

ಅಮೆರಿಕದಲ್ಲಿ ಮೊದಲ ಕನಿಷ್ಠ ವೇತನ ಕಾಯಿದೆ 1912ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜಾರಿಗೆ ಬಂದಿತು. ಆದರೆ ಕಡಿಮೆ ವೇತನ ಕೊಡುವ ಮಾಲೀಕರ ಹೆಸರನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದರ ಹೊರತು ಅದರಲ್ಲಿ ಬೇರೆ ದಂಡನೆ ಇರಲಿಲ್ಲ. ಮರುವರ್ಷ ಮಿನ್ನೆಸೋಟದಲ್ಲಿ ಮಹಿಳೆಯರಿಗೂ ಅಪ್ರಾಪ್ತ ವಯಸ್ಕರಿಗೂ ಅನ್ವಯಿಸುವ ಕನಿಷ್ಠ ವೇತನ ಕಾಯಿದೆ ಅಂಗೀಕಾರವಾಯಿತು. ಇದರ ಕರಡನ್ನು ರೂಪಿಸುವುದರಲ್ಲಿಯೂ ಶಾಸಕರ ಮನವೊಲಿಸುವುದರಲ್ಲಿಯೂ ರಯಾನ್ ಪ್ರಮುಖ ಪಾತ್ರ ವಹಿಸಿದರು. ಅದೇ ವರ್ಷ ಆರೆಗಾನ್ ರಾಜ್ಯದಲ್ಲಿ ಅವರ ಶಿಷ್ಯರಾದ ಪಾದ್ರಿ ಎಡ್ವಿನ್ ಒ'ಹಾರಾ ಇಂಥದೇ ಕಾಯಿದೆಗಾಗಿ ಶ್ರಮಿಸಿ, ಅದನ್ನು ಜಾರಿಗೊಳಿಸುವ ಆಯೋಗದ ಮುಖ್ಯಸ್ಥರಾದರು. ಮಾಲೀಕರು ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1917ರಲ್ಲಿ ನ್ಯಾಯಾಧೀಶರು ನಾಲ್ಕು–ನಾಲ್ಕರಂತೆ ಸಮನಾಗಿ ಒಡೆದುದರಿಂದ ಆರೆಗಾನ್ ಕಾಯಿದೆ ಉಳಿದುಕೊಂಡಿತು.

ಈ ನೆಮ್ಮದಿ ಹೆಚ್ಚು ಕಾಲ ಬಾಳಲಿಲ್ಲ. 1923ರಲ್ಲಿ ಆಡ್ಕಿನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜಧಾನಿ ವಾಷಿಂಗ್ಟನ್ನಿನ ಕನಿಷ್ಠ ವೇತನ ಕಾಯಿದೆಯನ್ನು ಐದು–ಮೂರರ ಬಹುಮತದಿಂದ ರದ್ದುಪಡಿಸಿತು. ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದು ಧಕ್ಕೆ ತರುತ್ತದೆಂಬುದು ತೀರ್ಪಿನ ಸಾರ. ಪೀಠದಲ್ಲಿದ್ದ ಇಬ್ಬರು ಕ್ಯಾಥೋಲಿಕ್ ನ್ಯಾಯಾಧೀಶರೂ ಕಾಯಿದೆಯ ವಿರುದ್ಧವೇ ನಿಂತರು. ಅವರಲ್ಲೊಬ್ಬರಾದ ಪಿಯರ್ಸ್ ಬಟ್ಲರ್ ಕೂಡ ರಯಾನ್ ಅವರಂತೆಯೇ ಮಿನ್ನೆಸೋಟದ ಡಕೋಟಾ ಕೌಂಟಿಯಲ್ಲಿ ಹುಟ್ಟಿದ ಐರಿಷ್ ವಲಸಿಗರ ಮಗ. ಒಂದೇ ಮಣ್ಣಿನ, ಒಂದೇ ಧರ್ಮದ ಇಬ್ಬರು ನ್ಯಾಯದ ಪ್ರಶ್ನೆಗೆ ಕಂಡುಕೊಂಡ ಉತ್ತರಗಳು ತೀರ ಬೇರೆಯಾಗಿದ್ದವು.

1919ರ ಬಿಷಪ್ಪರ ಕಾರ್ಯಕ್ರಮ

ಮೊದಲ ಮಹಾಯುದ್ಧ ಮುಗಿದಾಗ ಸೈನಿಕರ ಮರುವಸತಿ ಮತ್ತು ಉದ್ಯೋಗದ ಸಮಸ್ಯೆ ತಲೆದೋರಿತು. ಈ ಕುರಿತು ರಯಾನ್ ಭಾಷಣವೊಂದನ್ನು ಬರೆಯತೊಡಗಿ ಅರ್ಧಕ್ಕೆ ಕೈಬಿಟ್ಟಿದ್ದರು. ನ್ಯಾಷನಲ್ ಕ್ಯಾಥೋಲಿಕ್ ವಾರ್ ಕೌನ್ಸಿಲ್‌ನಲ್ಲಿ ಕೆಲಸ ಮಾಡುತ್ತಿದ್ದ ಪಾದ್ರಿ ಜಾನ್ ಒ'ಗ್ರೇಡಿ ಒತ್ತಾಯಿಸಿ ಅದನ್ನು ಪೂರ್ಣಗೊಳಿಸಿದರು. ಕೌನ್ಸಿಲ್‌ನ ಆಡಳಿತ ಸಮಿತಿಯ ನಾಲ್ವರು ಬಿಷಪ್ಪರ ಸಹಿಯೊಂದಿಗೆ 1919ರ ಫೆಬ್ರವರಿ 12ರಂದು, ಅಬ್ರಹಾಂ ಲಿಂಕನ್ನರ ಜನ್ಮದಿನದಂದು, ಅದು ಹೊರಬಿತ್ತು. ಶಾಸನಬದ್ಧ ಕನಿಷ್ಠ ವೇತನ, ಕಾಯಿಲೆ, ನಿರುದ್ಯೋಗ ಮತ್ತು ವೃದ್ಧಾಪ್ಯಗಳಿಗೆ ವಿಮೆ, ಬಾಲಕಾರ್ಮಿಕ ಪದ್ಧತಿಯ ನಿವಾರಣೆ, ಕಾರ್ಮಿಕರು ಸಂಘಟಿತರಾಗುವ ಹಕ್ಕು, ಒಂದೇ ಬಗೆಯ ಕೆಲಸಕ್ಕೆ ಮಹಿಳೆಯರಿಗೂ ಸಮಾನ ವೇತನ, ಉದ್ಯಮದ ನಿರ್ವಹಣೆಯಲ್ಲಿ ಕಾರ್ಮಿಕರ ಪಾಲು ಇವೆಲ್ಲ ಅದರಲ್ಲಿ ಇದ್ದವು. ಉದ್ಯಮಿಗಳ ಸಂಘಟನೆ ಕಾರ್ಡಿನಲ್ ಗಿಬ್ಬನ್ಸ್ ಅವರಿಗೆ ಪ್ರತಿಭಟನೆ ಸಲ್ಲಿಸಿತು. ಇದು ಸಮಾಜವಾದದ ಪ್ರಚಾರವೆಂಬ ಆಕ್ಷೇಪ ಬಂದಿತು. ವಾಸ್ತವವಾಗಿ ರಯಾನ್ ಸಮಾಜವಾದಿಯಾಗಿರಲಿಲ್ಲ. ಸಮಾಜವಾದಿ ನಾಯಕ ಮಾರಿಸ್ ಹಿಲ್‌ಕ್ವಿಟ್ ಅವರೊಡನೆ ನಡೆಸಿದ ಲಿಖಿತ ವಾದವು 1914ರಲ್ಲೇ ಪುಸ್ತಕರೂಪದಲ್ಲಿ ಬಂದಿತ್ತು. ಮುಂದಿನ ಎರಡು ದಶಕಗಳಲ್ಲಿ ಈ ಕಾರ್ಯಕ್ರಮದ ಬಹುತೇಕ ಸಲಹೆಗಳು ಒಂದಲ್ಲ ಒಂದು ರೂಪದಲ್ಲಿ ಕಾಯಿದೆಗಳಾದವು.

1920ರಲ್ಲಿ ಬಿಷಪ್ಪರ ರಾಷ್ಟ್ರೀಯ ಸಂಘಟನೆಯ ಸಾಮಾಜಿಕ ಕಾರ್ಯ ವಿಭಾಗಕ್ಕೆ ರಯಾನ್ ನಿರ್ದೇಶಕರಾದರು. ಕೊನೆಯವರೆಗೂ ಆ ಹೊಣೆಯನ್ನು ಹೊತ್ತಿದ್ದರು.

ಬಾಲಕಾರ್ಮಿಕ ತಿದ್ದುಪಡಿ

ಮಕ್ಕಳ ದುಡಿಮೆಯನ್ನು ತಡೆಯಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಎರಡು ಕಾಯಿದೆಗಳನ್ನು ಸುಪ್ರೀಂ ಕೋರ್ಟು 1918 ಮತ್ತು 1922ರಲ್ಲಿ ರದ್ದುಪಡಿಸಿತ್ತು. ಉಳಿದದ್ದು ಸಂವಿಧಾನದ ತಿದ್ದುಪಡಿಯೊಂದೇ. 18 ವರ್ಷದೊಳಗಿನವರ ದುಡಿಮೆಯನ್ನು ಮಿತಗೊಳಿಸುವ, ನಿಯಂತ್ರಿಸುವ ಇಲ್ಲವೆ ನಿಷೇಧಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ನೀಡುವ ತಿದ್ದುಪಡಿ 1924ರ ಜೂನ್ 2ರಂದು ಉಭಯ ಸದನಗಳ ಅಂಗೀಕಾರ ಪಡೆದು ರಾಜ್ಯಗಳ ಮುಂದೆ ಬಂದಿತು. ಆಗ ಇದ್ದ 48 ರಾಜ್ಯಗಳಲ್ಲಿ 36 ರಾಜ್ಯಗಳ ಶಾಸನಸಭೆಗಳು ಅನುಮೋದಿಸಬೇಕಿತ್ತು.

ರಯಾನ್ ಇದರ ಪರವಾಗಿ ಬರೆದರು, ಮಾತನಾಡಿದರು. ವಿರೋಧ ಬಂದದ್ದು ಮುಖ್ಯವಾಗಿ ಮನೆಯೊಳಗಿನಿಂದಲೇ. ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಒ'ಕಾನೆಲ್ ಅವರು ತಿದ್ದುಪಡಿಯು ತಂದೆತಾಯಿಗಳ ಅಧಿಕಾರವನ್ನು ಕಸಿದು ಸರ್ಕಾರಕ್ಕೆ ಕೊಡುತ್ತದೆಂದು ಸಾರಿದರು. ರಯಾನ್ ಅವರ ನಡೆಯ ವಿಷಯದಲ್ಲಿ ವಿಶ್ವವಿದ್ಯಾಲಯದ ಕುಲಾಧಿಪತಿಗಳಾಗಿದ್ದ ಬಾಲ್ಟಿಮೋರಿನ ಆರ್ಚ್‌ಬಿಷಪ್ ಕರ್ಲಿ ಅವರಿಗೆ ದೂರನ್ನೂ ಬರೆದರು. ಕ್ಯಾಥೋಲಿಕರ ಈ ಭಯ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. 1922ರಲ್ಲಿ ಆರೆಗಾನ್ ರಾಜ್ಯವು ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾಯಿದೆಯನ್ನು ಮಾಡಿ ಧಾರ್ಮಿಕ ಶಾಲೆಗಳನ್ನೇ ಮುಚ್ಚಿಸಲು ಹೊರಟಿತ್ತು. 1925ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕುವವರೆಗೆ ಆತಂಕ ಉಳಿದಿತ್ತು. ಆದರೆ ಗಿರಣಿಯಲ್ಲಿ ದುಡಿಯುವ ಮಗುವಿನ ರಕ್ಷಣೆಯೇ ಬೇರೆ, ಶಾಲೆಯ ಆಯ್ಕೆಯ ಪ್ರಶ್ನೆಯೇ ಬೇರೆ ಎಂಬುದು ರಯಾನ್ ಅವರ ನಿಲುವಾಗಿತ್ತು. ಅವರು ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ, ಹುದ್ದೆಯನ್ನೂ ಕಳೆದುಕೊಳ್ಳಲಿಲ್ಲ.

1924ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜನಾಭಿಪ್ರಾಯ ಕೇಳಿದಾಗ ಪರ ಬಿದ್ದ ಮತಗಳ ಸುಮಾರು ಮೂರು ಪಟ್ಟು ವಿರುದ್ಧ ಬಿದ್ದವು. ಆ ಸೋಲಿನ ಪರಿಣಾಮ ಇತರ ರಾಜ್ಯಗಳ ಮೇಲೂ ಆಯಿತು. ಆರ್ಥಿಕ ಕುಸಿತದ ದಿನಗಳಲ್ಲಿ ತಿದ್ದುಪಡಿಗೆ ಮತ್ತೆ ಜೀವ ಬಂದಿತಾದರೂ ಅನುಮೋದಿಸಿದ ರಾಜ್ಯಗಳ ಸಂಖ್ಯೆ 28ಕ್ಕೆ ನಿಂತಿತು. ಗಡುವು ವಿಧಿಸದೆ ಕಳುಹಿಸಿದ್ದರಿಂದ ಅದು ಕಾನೂನಿನ ದೃಷ್ಟಿಯಲ್ಲಿ ಇಂದಿಗೂ ರಾಜ್ಯಗಳ ಮುಂದೆ ಇತ್ಯರ್ಥವಾಗದೆ ಉಳಿದಿದೆ.

ರೂಸ್‌ವೆಲ್ಟ್ ಕಾಲ

1933ರಲ್ಲಿ ರಯಾನ್ ಅವರಿಗೆ ಮಾನ್ಸಿನ್ಯೋರ್ ಪದವಿ ದೊರೆಯಿತು. ಅದೇ ವರ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾದರು. ಅವರ ನ್ಯೂ ಡೀಲ್ ಕಾರ್ಯಕ್ರಮಗಳಲ್ಲಿ ರಯಾನ್ ತಮ್ಮ ಹಳೆಯ ಬೇಡಿಕೆಗಳನ್ನು ಕಂಡು ಬೆಂಬಲಿಸಿದರು. ರಾಷ್ಟ್ರೀಯ ಪುನಶ್ಚೇತನ ಆಡಳಿತದ ಮೇಲ್ಮನವಿ ಮಂಡಳಿಯಲ್ಲಿ ಕೆಲಕಾಲ ಸದಸ್ಯರೂ ಆಗಿದ್ದರು. ರೇಡಿಯೋ ಭಾಷಣಗಳಿಂದ ದೇಶದಾದ್ಯಂತ ಹೆಸರಾಗಿದ್ದ ಪಾದ್ರಿ ಚಾರ್ಲ್ಸ್ ಕಾಫ್ಲಿನ್ 1936ರ ಚುನಾವಣೆಯಲ್ಲಿ ರೂಸ್‌ವೆಲ್ಟರನ್ನು ಕಮ್ಯುನಿಸ್ಟರ ಮಿತ್ರರೆಂದು ಜರೆದಾಗ, ಅಕ್ಟೋಬರ್ 8ರಂದು ರಯಾನ್ ರೇಡಿಯೋದಲ್ಲೇ ಉತ್ತರ ಕೊಟ್ಟರು. ನಿಂದನೆಯ ಪತ್ರಗಳು ರಾಶಿ ಬಿದ್ದವು. ಪೂಜ್ಯ ನ್ಯೂ ಡೀಲರ್ ಎಂದು ಕಾಫ್ಲಿನ್ ಅಣಕದಿಂದ ಇಟ್ಟ ಹೆಸರೇ ಮುಂದೆ ಅವರ ಬಿರುದಾಯಿತು. 1937ರ ಜನವರಿ 20ರಂದು ಅಧ್ಯಕ್ಷರ ಪ್ರಮಾಣವಚನ ಸಮಾರಂಭದಲ್ಲಿ ಆಶೀರ್ವಚನ ನೀಡಿದ ಮೊದಲ ಕ್ಯಾಥೋಲಿಕ್ ಗುರು ಇವರು.

ಅದೇ ವರ್ಷ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತನ್ನ 1923ರ ತೀರ್ಪನ್ನು ತಾನೇ ಬದಿಗೊತ್ತಿತು. ನ್ಯಾಯಾಧೀಶ ಬಟ್ಲರ್ ಆಗಲೂ ಭಿನ್ನಮತದವರ ಸಾಲಿನಲ್ಲೇ ಇದ್ದರು. 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆಯು ಗಂಟೆಗೆ 25 ಸೆಂಟುಗಳ ಕನಿಷ್ಠ ವೇತನವನ್ನು ಪುರುಷರಿಗೂ ಮಹಿಳೆಯರಿಗೂ ನಿಗದಿಪಡಿಸಿ, ಮಕ್ಕಳ ದುಡಿಮೆಗೂ ಕಡಿವಾಣ ಹಾಕಿತು. ಇದು ರಯಾನ್ ಕೇಳಿದ ಜೀವನ ವೇತನಕ್ಕಿಂತ ಬಹಳ ಕಡಿಮೆಯೇ. ಹೊಲದ ಕೂಲಿಗಳೂ ಮನೆಗೆಲಸದವರೂ ಕಾಯಿದೆಯ ಹೊರಗುಳಿದರು. ಹೊಲದ ಕೂಲಿಗಳಲ್ಲಿ ಒಂದು ಭಾಗದವರಿಗೆ ರಕ್ಷಣೆ ದೊರೆಯಲು 1966ರವರೆಗೆ ಕಾಯಬೇಕಾಯಿತು.

ಟೀಕೆಗಳು

ಕಾರ್ಮಿಕರ ವಿಷಯದಲ್ಲಿ ಮುನ್ನೋಟವುಳ್ಳವರಾಗಿದ್ದ ರಯಾನ್ ಎಲ್ಲದರಲ್ಲೂ ಉದಾರವಾದಿಯಾಗಿರಲಿಲ್ಲ. ಸಂತಾನ ನಿಯಂತ್ರಣದ ಮಸೂದೆಗಳನ್ನು ಬಲವಾಗಿ ವಿರೋಧಿಸಿದರು. 1922ರಲ್ಲಿ ಇನ್ನೊಬ್ಬರೊಡನೆ ಸೇರಿ ಹೊರತಂದ ದಿ ಸ್ಟೇಟ್ ಅಂಡ್ ದಿ ಚರ್ಚ್ ಗ್ರಂಥದಲ್ಲಿ, ಪೂರ್ಣವಾಗಿ ಕ್ಯಾಥೋಲಿಕ್ ಆದ ರಾಷ್ಟ್ರವು ಇತರ ಮತಗಳ ಪ್ರಚಾರವನ್ನು ತಡೆಯಬಹುದೆಂಬ ಸಾಂಪ್ರದಾಯಿಕ ಸಿದ್ಧಾಂತವನ್ನು ಸಮರ್ಥಿಸಿದರು. ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟದ ರಾಷ್ಟ್ರೀಯ ಮಂಡಳಿಯಲ್ಲಿದ್ದವರೇ ಹೀಗೆ ಬರೆದದ್ದು ವಿಚಿತ್ರವಾಗಿ ಕಾಣುತ್ತದೆ. 1928ರಲ್ಲಿ ಕ್ಯಾಥೋಲಿಕರಾದ ಆಲ್ ಸ್ಮಿತ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಎದುರಾಳಿಗಳು ಈ ಬರಹವನ್ನೇ ಅವರ ವಿರುದ್ಧ ಬಳಸಿಕೊಂಡರು.

ಕೊನೆಯ ವರ್ಷಗಳು

1939ರಲ್ಲಿ, 70ನೆಯ ವಯಸ್ಸಿನಲ್ಲಿ, ವಿಶ್ವವಿದ್ಯಾಲಯದಿಂದ ನಿವೃತ್ತರಾದರು. 1916ರ ಡಿಸ್ಟ್ರಿಬ್ಯೂಟಿವ್ ಜಸ್ಟಿಸ್ ಇವರ ಅತ್ಯಂತ ವ್ಯವಸ್ಥಿತವಾದ ಗ್ರಂಥ. ಬಾಡಿಗೆ, ಬಡ್ಡಿ, ಲಾಭ, ವೇತನ ಈ ನಾಲ್ಕರ ನೈತಿಕತೆಯನ್ನು ಅದು ವಿಚಾರಿಸುತ್ತದೆ. ಆತ್ಮಕಥೆ ಸೋಷಿಯಲ್ ಡಾಕ್ಟ್ರಿನ್ ಇನ್ ಆ್ಯಕ್ಷನ್ 1941ರಲ್ಲಿ ಪ್ರಕಟವಾಯಿತು. 1945ರ ಜನವರಿಯಲ್ಲಿ ರೂಸ್‌ವೆಲ್ಟರ ನಾಲ್ಕನೆಯ ಪ್ರಮಾಣವಚನದಲ್ಲಿಯೂ ಆಶೀರ್ವಚನ ನೀಡಿದ ರಯಾನ್, ಅದೇ ವರ್ಷ ಸೆಪ್ಟೆಂಬರ್ 16ರಂದು ಸೇಂಟ್ ಪಾಲ್ ನಗರದಲ್ಲಿ ನಿಧನರಾದರು.