ಅರ್ಥವನ್ನು ಅರಸಿದ ಕಾರಂತರು

ಪಂಚಗಂಗಾವಳಿಯು ಕಡಲನ್ನು ಸೇರುವ ಗಂಗೊಳ್ಳಿಯ ದಡದಲ್ಲಿ ಬಿಸಿಲಿಗೆ ಮೀನು ಒಣಗುತ್ತಿರುತ್ತದೆ. ಸುಮಾರು 15 ಕೋಟಿ ಕಿಲೋಮೀಟರು ದೂರದ ಸೂರ್ಯನಿಂದ ಹೊರಟ ಶಕ್ತಿಯು ಬರಿಯ ಶೂನ್ಯವನ್ನು ದಾಟಿ ಬಂದು ಆ ಮೀನನ್ನು ಕಾಯಿಸುತ್ತದೆ. ಶಕ್ತಿಯು ಹೀಗೆ ಅಲೆಗಳ ಇಲ್ಲವೆ ಕಣಗಳ ರೂಪದಲ್ಲಿ ಹೊರಸೂಸಿ ಹರಡುವುದೇ ವಿಕಿರಣ. ದೀಪದ ಬೆಳಕು, ಬಾನುಲಿಯ ಅಲೆ, ಎಲುಬಿನ ಚಿತ್ರ ತೆಗೆಯುವ ಕ್ಷ-ಕಿರಣ, ಇವೆಲ್ಲವೂ ವಿಕಿರಣಗಳೇ. ಆದರೆ ದಿನಬಳಕೆಯಲ್ಲಿ ಈ ಪದವು ಅಣುಸ್ಥಾವರದ ಅಪಾಯವನ್ನಷ್ಟೇ ಸೂಚಿಸುವಂತಾಗಿದೆ. ಅರ್ಥವರಿಯದೆ ಹೆದರುವುದು ಸಲ್ಲದು. ಅರ್ಥವರಿಯದೆ ಸುಮ್ಮನಿರುವುದೂ ಸಲ್ಲದು. ಈ ಎರಡರಿಂದಲೂ ನಾಡಿನ ಜನರನ್ನು ಪಾರುಮಾಡಲು ದುಡಿದವರೊಬ್ಬರು ಗಂಗೊಳ್ಳಿಯ ದಕ್ಷಿಣಕ್ಕಿರುವ ಕೋಟದಲ್ಲಿ ಜನಿಸಿದರು. ಅವರೇ ಡಾ. ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಹುಟ್ಟಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ವಿಜ್ಞಾನದ ಪದವಿ ಅವರಿಗಿರಲಿಲ್ಲ. ಅರಿಯುವ, ಅರಿತುದನ್ನು ಹಂಚುವ ಹಂಬಲವಿತ್ತು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ರಚಿಸಿದರು. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ವನ್ನು ಹೊರತಂದರು. 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಒಂದೊಂದಾಗಿ ಬಂದವು. ಕನ್ನಡವನ್ನಷ್ಟೇ ಬಲ್ಲವರಿಗೂ ವಿಜ್ಞಾನದ ಬಾಗಿಲು ತೆರೆಯಿತು.

1980ರ ದಶಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿ, ಕೈಗಾ ಎಂಬಲ್ಲಿ ಅಣುವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ಇಂಥ ಸ್ಥಾವರದಲ್ಲಿ ಯುರೇನಿಯಂ ಪರಮಾಣುವಿನ ಬೀಜವು ಒಡೆದು ಅಪಾರ ಶಾಖವುಂಟಾಗುತ್ತದೆ. ಉಳಿಯುವ ವಸ್ತುಗಳಲ್ಲಿ ಕೆಲವು ಬಹುಕಾಲ ತೀಕ್ಷ್ಣವಾದ ವಿಕಿರಣವನ್ನು ಸೂಸುತ್ತವೆ. ಅಂಥ ವಿಕಿರಣವನ್ನು ಹಿತಮಿತವಾಗಿ ಬಳಸಿದರೆ ಅರ್ಬುದ ರೋಗಕ್ಕೆ ಚಿಕಿತ್ಸೆಯಾಗುತ್ತದೆ. ಅದು ಅಂಕೆ ಮೀರಿದರೆ ಜೀವಕೋಶಗಳನ್ನು ಕೆಡಿಸುತ್ತದೆ. ಕಾಡು, ನದಿ ಮತ್ತು ಜನರ ಮುಂದಿನ ಗತಿಯನ್ನು ನೆನೆದು ಕಾರಂತರು ಯೋಜನೆಯನ್ನು ವಿರೋಧಿಸಿದರು. 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಆ ಭಾಗದಿಂದಲೇ ಲೋಕಸಭಾ ಚುನಾವಣೆಗೆ ನಿಂತರು, ಸೋತರು. ಆದರೂ ಪ್ರಶ್ನಿಸುವುದನ್ನು ಬಿಡಲಿಲ್ಲ.

1994ರಲ್ಲಿ, ಕಟ್ಟಡವಿನ್ನೂ ಪೂರ್ಣಗೊಳ್ಳುವ ಮೊದಲೇ, ಸ್ಥಾವರದ ಗುಮ್ಮಟದ ಕಾಂಕ್ರೀಟು ಕುಸಿಯಿತು. ಆಗ ಒಳಗೆ ಇಂಧನವಿರಲಿಲ್ಲವಾದ್ದರಿಂದ ವಿಕಿರಣದ ಸೋರಿಕೆಯಾಗಲಿಲ್ಲ. ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2000ದಿಂದ ಕೈಗಾದ ವಿದ್ಯುತ್ತು ನಾಡಿಗೆ ದೊರೆಯುತ್ತಿದೆ.

ಅಣುಸ್ಥಾವರ ಬೇಕೆ, ಬೇಡವೆ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಆದರೆ ತನ್ನ ಊರಿನ ನೀರು, ಗಾಳಿಗಳ ವಿಷಯದಲ್ಲಿ ಪ್ರಶ್ನೆ ಕೇಳುವ ಹಕ್ಕು ತಜ್ಞರಿಗೆಂದೇ ಮೀಸಲಲ್ಲ. ಕೇಳುವವನು ಮೊದಲು ಮಾತಿನ ಅರ್ಥವನ್ನು ಅರಿತಿರಬೇಕು. ಕಾರಂತರು ಜನರಿಗೆ ಅರ್ಥವನ್ನೂ ತಿಳಿಸಿದರು; ಪ್ರಶ್ನೆಯನ್ನೂ ಕೇಳಿ ತೋರಿಸಿದರು.