ಏಳನೆಯ ನಿಜಾಮರೂ ಬಂಗಾರದ ಬುತ್ತಿಡಬ್ಬಿಯೂ

ತಂದೆ ಕೊಡಿಸಿದ ಹೊಸ ಸೈಕಲ್ಲು ಕಳುವಾದರೆ ನಮ್ಮಲ್ಲಿ ಯಾರಿಗಾದರೂ ಎರಡು ದಿನ ಅನ್ನ ರುಚಿಸದು. ಅದರ ಬೆಲೆಗಿಂತ ಅದರ ಮೇಲೆ ನಾವಿಟ್ಟ ಮಮತೆಯೇ ದೊಡ್ಡದು. ಇಂತಹ ನಷ್ಟವು ಅರಸು ಮನೆತನಗಳನ್ನೂ ಬಿಟ್ಟಿಲ್ಲ. 2018ನೆಯ ಇಸವಿಯ ಸೆಪ್ಟೆಂಬರ್ ಆರಂಭದಲ್ಲಿ ಒಂದು ರಾತ್ರಿ, ನಮ್ಮ ಹೈದರಾಬಾದಿನ ಪುರಾನಿ ಹವೇಲಿಯಲ್ಲಿರುವ ನಿಜಾಮರ ವಸ್ತುಸಂಗ್ರಹಾಲಯದೊಳಕ್ಕೆ ಕಳ್ಳರು ಗವಾಕ್ಷಿಯಿಂದ ಹಗ್ಗ ಹಿಡಿದು ಇಳಿದರು. ರತ್ನಗಳನ್ನು ಕೂರಿಸಿದ ಬಂಗಾರದ ಬುತ್ತಿಡಬ್ಬಿಯನ್ನೂ ಬಂಗಾರದ ಬಟ್ಟಲು, ತಟ್ಟೆ, ಚಮಚಗಳನ್ನೂ ಅಪಹರಿಸಿದರು. ಅವುಗಳ ಒಡೆಯರಾದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ತೀರಿಕೊಂಡು ಆ ವೇಳೆಗೆ ಐವತ್ತೊಂದು ವರ್ಷಗಳಾಗಿದ್ದವು. ಅವರು ಏನನ್ನು ಕೂಡಿಟ್ಟರು, ಏನನ್ನು ಬಿಟ್ಟುಹೋದರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಉಸ್ಮಾನ್ ಅಲಿ ಖಾನರು 1886ರಲ್ಲಿ ಅದೇ ಪುರಾನಿ ಹವೇಲಿಯಲ್ಲಿ ಜನಿಸಿದರು. ತಂದೆ ಮಹಬೂಬ್ ಅಲಿ ಖಾನರು 1911ರಲ್ಲಿ ಕಾಲವಾಗಲು, ಇಪ್ಪತ್ತೈದರ ಪ್ರಾಯದಲ್ಲಿ ಸಿಂಹಾಸನವೇರಿದರು. ಅದಕ್ಕೆ ಮೂರು ವರ್ಷಗಳ ಹಿಂದೆ, 1908ರಲ್ಲಿ, ಮೂಸಿ ನದಿಯು ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ನಗರದ ರಕ್ಷಣೆಗೆ ಉಪಾಯ ಸೂಚಿಸಲು ಬಂದವರು ನಮ್ಮ ಕನ್ನಡ ನಾಡಿನ ಎಂ. ವಿಶ್ವೇಶ್ವರಯ್ಯನವರು. ಅವರ ಸಲಹೆಯಂತೆ ಗಂಡಿಪೇಟೆಯ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣಗೊಂಡವು. ನೆರೆಯನ್ನು ತಡೆಯಲೆಂದು ಕಟ್ಟಿದ ಈ ಜಲಾಶಯಗಳೇ ಅನೇಕ ದಶಕಗಳ ಕಾಲ ನಗರದ ಬಾಯಾರಿಕೆಯನ್ನೂ ತಣಿಸಿದವು.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಆರಂಭವಾಯಿತು. ಇಂಗ್ಲಿಷನ್ನು ಬಿಟ್ಟು ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದುದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ. ಆದರೆ ಆ ಭಾಷೆಯು ಉರ್ದು. ರಾಜ್ಯದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡವಾಗಿತ್ತು. ಬೀದರ, ಗುಲಬರ್ಗಾ, ರಾಯಚೂರುಗಳಿಂದ ಬಂದ ಬಾಲಕನು ತಾಯ್ನುಡಿಯನ್ನು ಹೊಸಿಲಾಚೆಗೆ ಬಿಟ್ಟೇ ಆ ವಿದ್ಯಾಮಂದಿರವನ್ನು ಹೊಗಬೇಕಾಯಿತು. ಕಳ್ಳತನವೆಂದು ಯಾರೂ ದೂರು ಕೊಡಲಾಗದ ನಷ್ಟವಿದು. ಕನ್ನಡದಲ್ಲಿಯೇ ಪಾಠ ಓದುವ ನಾವು ಇದನ್ನು ಮರೆಯುವಂತಿಲ್ಲ.

ನಿಜಾಮರ ಐಶ್ವರ್ಯವು ಜಗತ್ಪ್ರಸಿದ್ಧವಾಗಿತ್ತು. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆಯು ಲೋಕದ ಅತ್ಯಂತ ಶ್ರೀಮಂತರೆಂದು ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಜೇಕಬ್ ವಜ್ರವನ್ನು ಅವರು ಕಾಗದಗಳು ಹಾರದಂತೆ ಮೇಲಿಡುವ ಭಾರವಾಗಿ ಬಳಸುತ್ತಿದ್ದರಂತೆ. ಇಷ್ಟಿದ್ದೂ ಅವರ ಉಡುಗೆ ತೊಡುಗೆ ಬಡವನಂತೆ ಸಾದಾ ಆಗಿತ್ತೆಂದು ಹೇಳುತ್ತಾರೆ. ಅದೇ 1937ರಲ್ಲಿ ಅವರ ಆಳ್ವಿಕೆಯ ರಜತ ಮಹೋತ್ಸವವು ನಡೆಯಿತು. ಆಗ ಬಂದ ಕಾಣಿಕೆಗಳು ಇಂದು ಪುರಾನಿ ಹವೇಲಿಯ ಸಂಗ್ರಹಾಲಯದಲ್ಲಿವೆ.

1947ರಲ್ಲಿ ದೇಶವು ಸ್ವತಂತ್ರವಾದಾಗ ನಿಜಾಮರು ಭಾರತವನ್ನು ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿಯಿಂದ ಹಳ್ಳಿಗಳು ನಲುಗಿದವು, ಎಷ್ಟೋ ಕುಟುಂಬಗಳು ಮನೆಮಠ ತೊರೆದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯು ಪ್ರವೇಶಿಸಿತು. 17ರಂದು ನಿಜಾಮರು ಮಣಿದರು. ಆ ದಿನಗಳಲ್ಲಿಯೂ ಅದರ ನಂತರವೂ ಎರಡು ಮತಗಳ ನಿರಪರಾಧಿಗಳೂ ಪ್ರಾಣ ತೆತ್ತರು. 1950ರಿಂದ 1956ರವರೆಗೆ ನಿಜಾಮರು ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ರಾಜ್ಯವು ಭಾಷೆಗಳಿಗನುಸಾರವಾಗಿ ಹಂಚಿಹೋಗಿ, ಕನ್ನಡ ಪ್ರದೇಶಗಳು ಮೈಸೂರನ್ನು ಕೂಡಿಕೊಂಡವು. 1967ರ ಫೆಬ್ರವರಿ 24ರಂದು ಕಿಂಗ್ ಕೋಠಿಯಲ್ಲಿ ನಿಜಾಮರು ಕೊನೆಯುಸಿರೆಳೆದರು.

ಇನ್ನು ಬುತ್ತಿಡಬ್ಬಿಯ ಕಥೆ. ಕಳ್ಳರಿಬ್ಬರು ಅದನ್ನು ಮಾರಲು ಮುಂಬಯಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ಅವರಲ್ಲೊಬ್ಬನು ಅದರಲ್ಲಿ ಊಟವನ್ನೂ ಮಾಡಿದ್ದನೆಂದು ಪೊಲೀಸರು ತಿಳಿಸಿದರು. ಕೆಲವೇ ದಿನಗಳಲ್ಲಿ ಅವರು ಸೆರೆಯಾದರು, ವಸ್ತುಗಳೆಲ್ಲವೂ ದೊರೆತವು. ನಿಜಾಮರ ಒಡವೆಗಳ ದೊಡ್ಡ ಭಾಗವನ್ನಂತೂ, ಜೇಕಬ್ ವಜ್ರವೂ ಸೇರಿದಂತೆ, 1995ರಲ್ಲಿ ಭಾರತ ಸರ್ಕಾರವೇ 218 ಕೋಟಿ ರೂಪಾಯಿಗೆ ಕೊಂಡಿತ್ತು.

ಪೆಟ್ಟಿಗೆಯಲ್ಲಿಟ್ಟುದಕ್ಕೆ ಕಾವಲು ಬೇಕು; ಕಾವಲಿದ್ದರೂ ಅದು ಕಳುವಾಗಬಹುದು, ಕೈಬದಲಾಗಬಹುದು. ಗಂಡಿಪೇಟೆಯ ಕಟ್ಟೆಯನ್ನು ಯಾವ ಕಳ್ಳನೂ ಹೊತ್ತೊಯ್ಯಲಾರ. ನಿಜಾಮರು ತಮಗಾಗಿ ಇಟ್ಟುಕೊಂಡುದಕ್ಕಿಂತ ಜನರಿಗಾಗಿ ಕಟ್ಟಿಸಿದುದೇ ಅವರ ಹೆಸರನ್ನು ಉಳಿಸಿದೆ. ಜನರಿಗೆ ಅವರು ಕೊಡದೆ ಹೋದುದೂ ಅಷ್ಟೇ ಸ್ಪಷ್ಟವಾಗಿ ನೆನಪಿನಲ್ಲಿದೆ. ಪುರಾನಿ ಹವೇಲಿಗೆ ಹೋದಾಗ ಬಂಗಾರದ ಹೊಳಪನ್ನು ನೋಡಿ ನಾವು ಬೆರಗಾಗುವುದು ಸಹಜ. ಅಲ್ಲಿಂದ ಗಂಡಿಪೇಟೆಗೂ ಹೋಗಿ ಆ ವಿಶಾಲವಾದ ನೀರನ್ನು ಕಣ್ತುಂಬ ನೋಡಿ ಬರೋಣ.