ಸರ್ ಸಯ್ಯದ್ ಮತ್ತು ನಮ್ಮ ಮನೆಯ ಚರ್ಚೆ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದೇ ಮಾತು. ಮುಂದಿನ ವರ್ಷ ತಮ್ಮನನ್ನು ಆರನೇ ತರಗತಿಗೆ ಎಲ್ಲಿ ಸೇರಿಸುವುದು? ಬ್ರಿಟಿಷ್ ಪಠ್ಯಕ್ರಮದ ಜೊತೆಗೆ ಕುರ್‌ಆನ್, ಅರಬಿ ಎಲ್ಲವೂ ಇರುವ ಒಂದು ಇಂಟರ್‌ನ್ಯಾಷನಲ್ ಶಾಲೆಯ ವಿವರವನ್ನು ದುಬೈಯಿಂದ ಚಾಚಾ ಕಳಿಸಿದ್ದರು. ಅಬ್ಬಾಗೆ ಫೀಸಿನ ಚಿಂತೆ. ಹುಡುಗ ನಮಾಜ್ ಮರೆತಾನು ಎಂಬ ಭಯ ದಾದಿಗೆ. ಅದೇ ಹೊತ್ತಿಗೆ ಅಕ್ಟೋಬರ್ 17ರ ಕಾರ್ಯಕ್ರಮಕ್ಕೆ ಸರ್ ಸಯ್ಯದ್ ಅಹ್ಮದ್ ಖಾನರ ಬಗ್ಗೆ ಮಾತನಾಡಲು ನಮ್ಮ ಉಪನ್ಯಾಸಕರು ನನ್ನನ್ನು ಆರಿಸಿದ್ದರು. ಓದುತ್ತಾ ಹೋದಂತೆ, ನಮ್ಮ ಮನೆಯ ಜಗಳ ನೂರೈವತ್ತು ವರ್ಷ ಹಳೆಯದು ಎಂದು ಗೊತ್ತಾಯಿತು.

ಅವರು ಹುಟ್ಟಿದ್ದು 1817ರಲ್ಲಿ, ದಿಲ್ಲಿಯಲ್ಲಿ. ಬೆಳೆಸಿದ್ದು ತಾಯಿ ಅಜೀಜುನ್ನಿಸಾ. ಬಾಲಕ ಸಯ್ಯದ್ ಒಮ್ಮೆ ವಯಸ್ಸಾದ ಆಳಿನ ಮೇಲೆ ಕೈ ಮಾಡಿದಾಗ ಆ ತಾಯಿ ಮಗನನ್ನೇ ಮನೆಯಿಂದ ಹೊರಗೆ ಹಾಕಿದರಂತೆ. ಆಳಿನ ಕ್ಷಮೆ ಕೇಳಿದ ಮೇಲೆಯೇ ಒಳಗೆ ಸೇರಿಸಿದ್ದು. ಇದನ್ನು ಹೇಳಿದಾಗ ದಾದಿ ಕಿವಿಗೊಟ್ಟು ಕೇಳಿದರು.

ದೊಡ್ಡವರಾದ ಮೇಲೆ ಅವರು ಕಂಪನಿ ಸರ್ಕಾರದ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದರು. ದಿಲ್ಲಿಯ ಸ್ಮಾರಕಗಳ ಬಗ್ಗೆ 1847ರಲ್ಲಿ ದೊಡ್ಡ ಗ್ರಂಥ ಬರೆದರು. 1857ರಲ್ಲಿ ದಿಲ್ಲಿ ಹಾಳಾಯಿತು. ಬಂಧುಗಳು ಸತ್ತರು, ತಾಯಿಯೂ ಹೆಚ್ಚು ದಿನ ಉಳಿಯಲಿಲ್ಲ. ದೇಶ ಬಿಟ್ಟು ಹೋಗುವ ಯೋಚನೆ ಬಂದರೂ ಸೋತ ಜನರ ನಡುವೆಯೇ ಉಳಿದರು. ಹೊಸ ವಿದ್ಯೆ ಕಲಿಯದಿದ್ದರೆ ತಮ್ಮವರಿಗೆ ಭವಿಷ್ಯವಿಲ್ಲ ಎಂಬುದು ಅವರಿಗೆ ಖಚಿತವಾಗಿತ್ತು. ಇಂಗ್ಲಿಷ್ ಪುಸ್ತಕಗಳನ್ನು ಉರ್ದುವಿಗೆ ತರಲು 1864ರಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿದರು.

1869ರಲ್ಲಿ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋದರು. ಮಗ ಸಯ್ಯದ್ ಮಹಮೂದ್ ಕೇಂಬ್ರಿಡ್ಜ್‌ನಲ್ಲಿ ಓದಿದರು. ತಂದೆ ಅಲ್ಲಿ ಎರಡು ಕೆಲಸ ಮಾಡಿದರು. ಒಂದು, ಕಾಲೇಜುಗಳು ನಡೆಯುವ ಬಗೆಯನ್ನು ನೋಡಿದ್ದು. ಇನ್ನೊಂದು, ಪ್ರವಾದಿಯವರ (ಸ) ಜೀವನದ ಬಗ್ಗೆ ವಿಲಿಯಂ ಮ್ಯೂರ್ ಬರೆದ ಪುಸ್ತಕಕ್ಕೆ ಉತ್ತರ ಬರೆದದ್ದು. ಅದನ್ನು ಅಚ್ಚು ಹಾಕಿಸಲು ಊರಿನಲ್ಲಿದ್ದ ಪುಸ್ತಕ, ಪಾತ್ರೆ ಮಾರಲೂ ಸಿದ್ಧರಾಗಿದ್ದರು. ಇಂಗ್ಲಿಷರಿಂದ ಕಲಿಯುವುದು, ಇಂಗ್ಲಿಷರಿಗೆ ಉತ್ತರ ಕೊಡುವುದು ಎರಡೂ ಒಬ್ಬರಿಂದಲೇ ಸಾಧ್ಯ ಎಂಬುದು ನನಗೆ ಇಲ್ಲಿ ಅರ್ಥವಾಯಿತು.

1875ರಲ್ಲಿ ಅಲೀಘರ್‌ನಲ್ಲಿ ಶಾಲೆ ಶುರುವಾಯಿತು. 1877ರಲ್ಲಿ ಮೊಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜಿಗೆ ಅಡಿಗಲ್ಲು ಬಿತ್ತು. ಕೇಂಬ್ರಿಡ್ಜ್ ಮಾದರಿಯ ಹಾಸ್ಟೆಲ್ ಜೀವನ, ಇಂಗ್ಲಿಷ್ ಪ್ರಿನ್ಸಿಪಾಲರು, ಕ್ರಿಕೆಟ್; ಅದೇ ಆವರಣದಲ್ಲಿ ಮಸೀದಿ, ನಮಾಜ್. ಸುನ್ನಿ ಮತ್ತು ಶಿಯಾ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಧರ್ಮಪಾಠ. ಹಿಂದೂ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿತ್ತು. ಈ ಕಾಲೇಜಿನ ಮೊದಲ ಪದವೀಧರರ ಹೆಸರು ಈಶ್ವರಿ ಪ್ರಸಾದ್.

ಇದೆಲ್ಲ ಸುಲಭವಾಗಿ ಆಗಲಿಲ್ಲ. ಅವರನ್ನು ಕಾಫಿರ್ ಎಂದು ಫತ್ವಾಗಳು ಬಂದವು. ಹಣಕ್ಕಾಗಿ ಊರೂರು ತಿರುಗಿದರು, ಪುಸ್ತಕ ಮಾರಿದರು, ಗಡ್ಡ ಬೆಳ್ಳಗಾದ ಮೇಲೆ ವೇದಿಕೆ ಹತ್ತಿ ಚಂದಾ ಎತ್ತಿದರು. 1898ರಲ್ಲಿ ತೀರಿಕೊಂಡರು. ಕಾಲೇಜಿನ ಮಸೀದಿಯ ಪಕ್ಕದಲ್ಲೇ ಅವರ ಕಬರ್ ಇದೆ. 1920ರಲ್ಲಿ ಆ ಕಾಲೇಜು ಅಲೀಘರ್ ಮುಸ್ಲಿಂ ವಿಶ್ವವಿದ್ಯಾಲಯವಾಯಿತು.

ಒಂದು ವಿಷಯ ಮಾತ್ರ ನನಗೆ ನೋವು ತಂದಿತು. ಮೊದಲು ಗಂಡುಮಕ್ಕಳು ಓದಲಿ, ಹೆಣ್ಣುಮಕ್ಕಳ ಶಾಲೆಗೆ ಇನ್ನೂ ಕಾಲ ಬಂದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅಲೀಘರ್‌ನಲ್ಲಿ ಹುಡುಗಿಯರಿಗಾಗಿ ಶೇಖ್ ಅಬ್ದುಲ್ಲಾ ಮತ್ತು ಅವರ ಬೇಗಂ ಶಾಲೆ ತೆರೆದದ್ದು 1906ರಲ್ಲಿ. ಅಜೀಜುನ್ನಿಸಾರಂಥ ತಾಯಿಯ ಮಗ ಯಾಕೆ ಹೀಗೆ ಯೋಚಿಸಿದರು ಎಂದು ಎಷ್ಟು ಓದಿದರೂ ನನಗೆ ಸಮಾಧಾನವಾಗಲಿಲ್ಲ.

ಭಾಷಣವನ್ನು ಮೊದಲು ಮನೆಯಲ್ಲೇ ಓದಿ ತೋರಿಸಿದೆ. ಆ ಕೊನೆಯ ಮಾತಿಗೆ ಬಂದಾಗ ಅಬ್ಬಾ ತಲೆ ತಗ್ಗಿಸಿದರು. ಚಾಚಾ ಹೇಳಿದ ಶಾಲೆಯ ಫೀಸು ಕಟ್ಟಬೇಕಾದರೆ ನನ್ನ ಡಿಗ್ರಿಗೆಂದು ಕೂಡಿಟ್ಟ ಹಣಕ್ಕೇ ಕೈ ಹಾಕಬೇಕಿತ್ತು. ಮರುದಿನ ಅವರು ಚಾಚಾಗೆ ಫೋನ್ ಮಾಡಿದರು. ತಮ್ಮ ಈಗಿನ ಶಾಲೆಯಲ್ಲೇ ಓದುತ್ತಾನೆ, ಸಂಜೆ ಮದರಸಕ್ಕೆ ಹೋಗುತ್ತಾನೆ. ಇಂಗ್ಲಿಷ್ ಹೇಳಿಕೊಡುವ ಹೊಣೆ ನನ್ನದು. ಫಜರ್‌ಗೆ ಎಬ್ಬಿಸುವ ಹೊಣೆಯನ್ನು ದಾದಿ ವಹಿಸಿಕೊಂಡಿದ್ದಾರೆ.

ಗೆಳೆಯರೇ, ಎಲ್ಲರಿಗೂ ದೊಡ್ಡ ಶಾಲೆ ಸಿಗುವುದಿಲ್ಲ. ಆದರೆ ದೀನ್ ಮತ್ತು ದುನಿಯಾ ಎರಡನ್ನೂ ಕಲಿಸುವ ಆಸೆ ಯಾವ ಮನೆಯಲ್ಲೂ ಇರಬಹುದು. ಅದರಲ್ಲಿ ಹೆಣ್ಣುಮಕ್ಕಳ ಪಾಲನ್ನು ಮರೆಯದಿರೋಣ.